ತಲೆಯಿಲ್ಲದ ಗಿಟಾರು

ಹೆಂಡತಿ "ಬ್ಯಾಡ" ಎಂದರೆ ಗಂಡಸು ಹೇಗೋ ಬದುಕಿಕೊಳ್ಳುತ್ತಾನೆ. ಅಷ್ಟು ರೂಢಿ ಎಲ್ಲರಿಗೂ ಇರುತ್ತದೆ. ಆದರೆ ಅವಳು ಒಂದು ದಿನ ಇದ್ದಕ್ಕಿದ್ದಂತೆ "ತಗೋರಿ" ಎಂದುಬಿಟ್ಟರೆ ಅವನು ಯಾರ ಮನೆಯ ಬಾಗಿಲಿಗೆ ಹೋಗಿ ಅಳಬೇಕು? ನನಗೆ ಈ ಗಂಡಾಂತರ ಬಂದದ್ದು ಹೋದ ವರ್ಷ. (ಈ ಶಬ್ದದ ಮೊದಲಿಗೇ 'ಗಂಡ' ಕೂತಿರುವುದು ಸುಮ್ಮನೆ ಅಲ್ಲ.) ಆಗ ತೊಗರಿ ಇನ್ನೂ ಹೊಲದಲ್ಲಿ ಹೂಬಿಟ್ಟು ನಿಂತಿತ್ತು. ಅಂದರೆ ರೈತರ ಮಾಲು ಮಾರಿಸಿಕೊಡುವ ನಮ್ಮಂಥ ಅಡತಿ ಅಂಗಡಿಯವರು ಸಿಂದಗಿಯ ಬಜಾರಿನಲ್ಲಿ ನೊಣ ಹೊಡೆಯುತ್ತ ಕೂಡುವ ಕಾಲ.

ನನ್ನ ಹೆಸರು ಪರಪ್ಪ. ಹೆಂಡತಿ ವಿದ್ಯಾವತಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಗಣಿತದ ಬಾಯಾರನ್ನು (ನಮ್ಮ ಕಡೆ ಟೀಚರಮ್ಮನಿಗೆ ಹಾಗೆನ್ನುತ್ತೇವೆ) ಮದುವೆಯಾದವರ ಪಾಡನ್ನು ಬೇರೆಯೇ ಬರೆಯಬೇಕು. ಬರೆದರೂ ಅವಳು ಅದನ್ನು ತಿದ್ದಿ, ಕೆಂಪು ಶಾಯಿಯಲ್ಲಿ ಅಂಕ ಹಾಕಿ ವಾಪಸು ಕೊಡುತ್ತಾಳೆ.

ನಮ್ಮ ಮನೆಯಲ್ಲಿ ಇಪ್ಪತ್ನಾಲ್ಕು ವರ್ಷಗಳಿಂದ ಒಂದು ಪದ್ಧತಿ ನಡೆದುಬಂದಿತ್ತು. ಸಂಜೆ ಅಂಗಡಿ ಮುಚ್ಚಿ ಬಂದು ಕೈಕಾಲು ತೊಳೆದು ನಾನು ಪಡಸಾಲೆಯಲ್ಲಿ ಕೂಡುತ್ತೇನೆ. ಮೊದಲೆಲ್ಲ ಪೇಪರಿನಲ್ಲಿ, ಈಗ ಫೋನಿನಲ್ಲಿ, ಯಾವುದಾದರೊಂದು ಗಿಟಾರಿನ ಚಿತ್ರ ನೋಡಿ ಅಡಿಗೆಮನೆಗೆ ಕೇಳುವಷ್ಟು ದೊಡ್ಡದಾಗಿ ಒಂದು ನಿಟ್ಟುಸಿರು ಬಿಡುತ್ತೇನೆ. "ಒಂದು ಗಿಟಾರ್ ತಗೋಬೇಕಂತೀನಿ" ಎನ್ನುತ್ತೇನೆ. ಒಳಗಿನಿಂದ "ಬ್ಯಾಡ" ಎಂದು ಬರುತ್ತದೆ. "ಲಗ್ನಾತು, ನನ್ನ ಕಲಾ ಸತ್ತು ಹೋತು" ಎಂದು ನಾನು ಛಾವಣಿಯನ್ನು ನೋಡುತ್ತೇನೆ. ಆಮೇಲೆ ಊಟಕ್ಕೆ ಕೂತಾಗ ನನ್ನ ರೊಟ್ಟಿಯ ಪಕ್ಕದಲ್ಲಿ ಕೆನೆಮೊಸರು ಒಂದು ಚಮಚ ಹೆಚ್ಚಿಗೆ ಬಿದ್ದಿರುತ್ತದೆ. ಅದು ಸತ್ತ ಕಲೆಗೆ ಸಲ್ಲುತ್ತಿದ್ದ ಮಾಸಾಶನ. ನಾನಂತೂ ಸುಖವಾಗಿದ್ದೆ.

ಆ ಸಂಜೆ ಫೋನಿನಲ್ಲಿ ಬಂದದ್ದು ಹೊಚ್ಚ ಹೊಸ ಮಾದರಿಯ ಇಲೆಕ್ಟ್ರಿಕ್ ಗಿಟಾರು. ಅದಕ್ಕೆ ತಲೆಯೇ ಇಲ್ಲ! ಕತ್ತಿನ ತುದಿಗೆ ತಂತಿ ಬಿಗಿಯುವ ಬಿರಡೆಗಳ ಒಂದು ತಲೆ ಇರುತ್ತದಲ್ಲ, ಅದನ್ನು ಕತ್ತರಿಸಿ ಒಗೆದಂತೆ ಕತ್ತಿಗೇ ಮುಗಿದುಹೋಗಿತ್ತು. ಬೆಲೆ ನೋಡಿದೆ. ಅಷ್ಟಕ್ಕೆ ಎರಡು ಒಳ್ಳೆಯ ಹಾಲುಕರೆಯುವ ಎಮ್ಮೆ ಬರುತ್ತಿದ್ದವು. ಇಷ್ಟು ದುಬಾರಿಯದಕ್ಕೆ "ಬ್ಯಾಡ" ಖಂಡಿತ ಎಂಬ ಧೈರ್ಯದಿಂದ ಎರಡು ನಿಟ್ಟುಸಿರು ಒಟ್ಟಿಗೇ ಬಿಟ್ಟೆ.

ವಿದ್ಯಾವತಿ ಕೈ ಒರೆಸಿಕೊಳ್ಳುತ್ತ ಹೊರಗೇ ಬಂದಳು. ಬಗ್ಗಿ ಫೋನು ನೋಡಿದಳು.

"ತಲಿ ಇಲ್ಲಲ್ರಿ ಇದಕ್ಕ?"

"ಈಗಿನ ಮಾಡಲ್ ಹಂಗ ಇರತಾವು. ತಲಿ ಬೇಕಾಗಂಗಿಲ್ಲ."

"ಹಂಗಾರ ನಿಮಗ ಭಾಳ ಹೊಂದತೈತಿ. ತಗೋರಿ."

"ಏನಂದಿ?"

"ತಗೋರಿ ಅಂದೆ. ನನ್ನ ಅರಿಯರ್ಸ್ ಬಂದೈತಿ. ಐತಾರ ಬಿಜಾಪುರಕ್ಕ ಹೋಗಿ ತರೂಣು."

ನನ್ನ ಎದೆಯಲ್ಲಿ ತೊಗರಿ ಬೇಳೆಯ ಮಿಲ್ಲು ಶುರುವಾಯಿತು.

ಯಾಕೆ ಎಂದು ನೀವು ಕೇಳಬಹುದು. ಬಯಸಿದ್ದು ಸಿಕ್ಕಿತಲ್ಲ ಎನ್ನಬಹುದು. ನಿಮಗೆ ಸತ್ಯ ಹೇಳಿಬಿಡುತ್ತೇನೆ. ನಿಮ್ಮಲ್ಲೇ ಇರಲಿ.

ನಾನು ಕಾಲೇಜು ಕಲಿಯುವಾಗ ಆರು ವರ್ಷ (ಹೌದು, ಮೂರು ವರ್ಷದ ಡಿಗ್ರಿಗೆ ಆರು ವರ್ಷ) ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರಿಸ್ಟ್ ಆಗಿದ್ದೆ. ಇಂಡಿಯಲ್ಲಿ ಮದುವೆ, ಮುದ್ದೇಬಿಹಾಳದಲ್ಲಿ ಗಣಪತಿ, ತಂಗಡಗಿಯಲ್ಲಿ ಯಾರದೋ ಮನೆಶಾಂತಿ, ಎಲ್ಲ ಕಡೆ ವೇದಿಕೆಯ ಮೇಲೆ ಕುತ್ತಿಗೆಗೆ ಗಿಟಾರು ಹಾಕಿಕೊಂಡು, ಹೆಗಲವರೆಗೆ ಬಿಟ್ಟ ಕೂದಲು ಕೊಡವುತ್ತ ನಿಂತಿದ್ದೇನೆ. ಜನ ಸೀಟಿ ಹೊಡೆದಿದ್ದಾರೆ. ಇದೆಲ್ಲ ಖರೆ. ಆದರೆ ಆ ಗಿಟಾರಿನ ವೈರು ಜಮಖಾನೆಯ ಕೆಳಗೆ ಹೋಗಿ, ಅಲ್ಲಿಂದ ಪೆಂಡಾಲಿನ ಬಿದಿರಿನ ಕಂಬಕ್ಕೆ ಸುತ್ತಿಕೊಂಡು ಅಲ್ಲೇ ಕೊನೆಯಾಗುತ್ತಿತ್ತು. ಅದರಲ್ಲಿ ಕರೆಂಟೂ ಇರಲಿಲ್ಲ, ಸಪ್ಪಳವೂ ಇರಲಿಲ್ಲ. ಗಿಟಾರಿನ ಸಪ್ಪಳವನ್ನೆಲ್ಲ ಹಿಂದೆ ಕೀಬೋರ್ಡಿನ ಮುಂದೆ ಕೂತ ನನ್ನ ಗೆಳೆಯ ದಾವಲಮಲಿಕ ಮಾಡುತ್ತಿದ್ದ. ವೇದಿಕೆಯ ಮೇಲೆ ಒಂದು ಗಿಟಾರು ಕಾಣಬೇಕಿತ್ತು, ನಾನು ಎತ್ತರ ಇದ್ದೆ, ನನಗೆ ಕೂದಲಿತ್ತು. ಅಷ್ಟೇ. ನನಗೆ ಇವತ್ತಿಗೂ ಗಿಟಾರಿನ ಯಾವ ತಂತಿ ಮೇಲಿನದು, ಯಾವುದು ಕೆಳಗಿನದು ಎಂದು ಹೇಳಲು ಬಾರದು. ಮೀಟರು ಹಚ್ಚಿ ತೊಗರಿಯ ತೇವ ನೋಡುತ್ತೇನೆಯೇ ಹೊರತು ಮೀಟುವುದು ಗೊತ್ತಿಲ್ಲ.

ಇಂಥ ನಾನು ಎರಡೆಮ್ಮೆಯ ಗಿಟಾರು ಮನೆಗೆ ತಂದು ಏನು ಮಾಡಲಿ?

ಮರುದಿನ ಬೆಳಿಗ್ಗೆಯೇ ತಪ್ಪಿಸಿಕೊಳ್ಳುವ ಪ್ರಯತ್ನ ಶುರು ಮಾಡಿದೆ.

"ವಿದ್ಯಾ, ನಮ್ಮ ಮನಿ ವೈರಿಂಗ್ ಹಳೇದೈತಿ. ಇಲೆಕ್ಟ್ರಿಕ್ ಸಾಮಾನು, ಶಾಕ್ ಹೊಡದ್ರ?"

"ಮಿಕ್ಸರ್‌ಕಿಂತ ಕಡಿಮಿ ಕರೆಂಟ್ ತಗೊಂತೈತಿ. ನಾ ಓದೇನಿ."

"ನಮ್ಮ ಕಡೆ ಬಿಸಲು ಭಾಳ. ಕಟಿಗಿ ಸೀಳತೈತಿ."

"ನಲವತ್ತು ವರ್ಷದ ಬಾಗಿಲಾ ಸೀಳಿಲ್ಲ."

"ದೊಡ್ಡ ಕಿಮ್ಮತ್ತಿನ ಮಾಲು. ಅದರ ಬೆಲಿಗೆ ಅದು ಖರೇನ ತಕ್ಕದ್ದು ಹೌದೋ ಅಲ್ಲೋ..."

"ಅದನ್ನ ನೋಡಾಕ ಹೊಂಟೇವ್ರಿ."

ಕೊನೆಗೆ ನನ್ನ ಬ್ರಹ್ಮಾಸ್ತ್ರದ ಕಡೆ ಹೋದೆ. ಅಂದರೆ ಅವ್ವ, ಇಂದುಬಾಯಿ. ಎಪ್ಪತ್ತೆಂಟು ವರ್ಷ. ಮನೆಗೆ ಹೊಸ ಚಮಚ ಬಂದರೂ "ಹಳೇದಕ್ಕ ಏನಾಗಿತ್ತು?" ಎಂದು ಕೇಳುವಾಕೆ. ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ನಾನು ಫೋನು ತೋರಿಸಿ, ದನಿಯನ್ನು ಸಾಧ್ಯವಾದಷ್ಟು ಅಮಂಗಳ ಮಾಡಿಕೊಂಡು ಹೇಳಿದೆ: "ಯವ್ವಾ, ಇದನ್ನ ನೋಡು. ರುಂಡ ಇಲ್ಲ, ಬರೇ ಮುಂಡ. ಇಂಥಾದ್ದು ಮನ್ಯಾಗ ಬರಬೌದೇನು?"

ಅವ್ವ ಫೋನನ್ನು ದೂರ ಹಿಡಿದು ನೋಡಿದಳು. "ಏನಿದು, ಒಗಿಯೂ ಕ್ವಾಣಾ?" ಎಂದಳು. ಬಟ್ಟೆ ಒಗೆಯುವ ಬಡಿಗೆಯಂತೆ ಕಂಡಿತು ಅವಳಿಗೆ. ನನಗೆ ಜೀವ ಬಂತು.

"ಗಿಟಾರ್ ಅತ್ತಿ," ಎಂದು ವಿದ್ಯಾವತಿ ಬಾಗಿಲಲ್ಲಿ ನಿಂತು ಹೇಳಿದಳು. "ಇವರು ಮೊದಲ ಬಾರಸ್ತಿದ್ರಲ್ಲ, ಅದು."

ಅವ್ವನ ಕೈ ನಿಂತಿತು. ನನ್ನ ಮುಖವನ್ನೇ ನೋಡಿದಳು. "ಊರೆಲ್ಲಾ ಕೇಳೇತಿ ನನ ಮಗಾ ಬಾರಿಸಿದ್ದು. ನಾ ಒಬ್ಬಾಕಿ ಕೇಳಿಲ್ಲ ನೋಡು. ತಲಿ ಇರಲಿ ಬಿಡಲಿ, ತಂದು ಒಂದಸಲ ಬಾರಸೋ ಪರೂ. ಕಿವಿ ಪೂರಾ ಹೋಗೂದರಾಗ ಕೇಳತೇನಿ."

ಬ್ರಹ್ಮಾಸ್ತ್ರ ತಿರುಗಿ ಬಂದು ಬಿಟ್ಟವನ ಎದೆಗೇ ಬಡಿಯಿತು. ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಅವ್ವನ ಮುಖ ಕಣ್ಣ ಮುಂದೆ ಬರುತ್ತಿತ್ತು. ಸುಳ್ಳು ಹೇಳಿದ್ದು ಹೆಂಡತಿಗೆ ಮಾತ್ರ ಎಂದುಕೊಂಡಿದ್ದೆ. ಅವ್ವನೂ ಅದನ್ನೇ ಮೂವತ್ತು ವರ್ಷ ಮಡಿಲಲ್ಲಿ ಕಟ್ಟಿಕೊಂಡು ಕೂತಿದ್ದಾಳೆಂದು ನನಗೇನು ಗೊತ್ತು?

ದಾವಲಮಲಿಕನ ಅಂಗಡಿಗೆ ಓಡಿದೆ. ಅವನೀಗ ಬಸ್‌ಸ್ಟ್ಯಾಂಡಿನ ಹಿಂದೆ ಬೋರ್‌ವೆಲ್ಲಿನ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುತ್ತಾನೆ. ಎಲ್ಲ ಹೇಳಿ, "ದಾವಲ್ಯಾ, ನೀ ನಮ್ಮ ಜೋಡಿ ಬಾ. ತಜ್ಞ ಅಂತ ಬಾ. ಗಿಟಾರ್ ನೋಡಿ, ಇದು ದುಡ್ಡಿಗೆ ತಕ್ಕ ಮಾಲಲ್ಲ, ಬ್ಯಾಡ ಅಂತ ಹೇಳು. ಅಷ್ಟ ಸಾಕು. ನಿನ್ನ ಕಾಲ ಬೀಳತೇನಿ" ಎಂದೆ.

"ಅಷ್ಟೇನಲೇ ಪರ್ಯಾ? ಇದಕ್ಯಾಕ ಬೆವರಾಕತ್ತಿ? ಹತ್ತು ಕೊರತಿ ಹೇಳತೇನಿ ಬಿಡು," ಎಂದು ಅವನು ನನ್ನ ಬೆನ್ನಿಗೆ ಗ್ರೀಸು ಹತ್ತಿದ ಕೈಯಿಂದಲೇ ಬಡಿದ. ಅಂಗಿ ಹೋಯಿತು. ಮಾನ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಐತವಾರ ಬೆಳಿಗ್ಗೆ ಮೂವರೂ ಬಸ್ಸಿನಲ್ಲಿ ಬಿಜಾಪುರಕ್ಕೆ ಹೊರಟೆವು. ವಿದ್ಯಾವತಿ ಮುಂದಿನ ಸೀಟಿನಲ್ಲಿ ಕೂತು ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡ ಪ್ರಶ್ನೆಗಳನ್ನು ಓದಿಕೊಳ್ಳುತ್ತಿದ್ದಳು. ನಾನು ಹಿಂದಿನ ಸೀಟಿನಲ್ಲಿ ಬಸ್ಸು ಕೆಟ್ಟು ನಿಲ್ಲಲಿ ಎಂದು ಗೊತ್ತಿದ್ದ ದೇವರನ್ನೆಲ್ಲ ಬೇಡಿಕೊಂಡೆ. ಅಷ್ಟು ಚಂದದ ಬಸ್ಸನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಎಲ್ಲಿಯೂ ನಿಲ್ಲಲಿಲ್ಲ.

ವಾದ್ಯಗಳ ಅಂಗಡಿಯವನಿಗೆ ವಿದ್ಯಾವತಿ ಮೊದಲೇ ಫೋನ್ ಮಾಡಿದ್ದಳಂತೆ. ಅವನು ಗಿಟಾರನ್ನು ಹುಬ್ಬಳ್ಳಿಯಿಂದ ತರಿಸಿ, ಮದುಮಗಳಂತೆ ಕೂರಿಸಿದ್ದ. ಹಸಿರು ಬಣ್ಣ, ನವಿಲಿನ ಕತ್ತಿನ ಹಾಗೆ ಹೊಳಪು. ನಾನು ಮೂವತ್ತು ವರ್ಷ ಮಾಲು ನೋಡಿ ದರ ಕಟ್ಟಿದವನು. ಚೀಲಕ್ಕೆ ಕೈ ಹಾಕಿದ ಕೂಡಲೇ ಮುಖ ಸಿಂಡರಿಸುವುದು ನಮ್ಮ ಕಸಬಿನ ಮೊದಲ ಪಾಠ. ಮುಖ ಸಿಂಡರಿಸಿದೆ.

"ಕಟಿಗ್ಯಾಗ ತೇವ ಐತೇನೋ ಅನಸತೈತಿ," ಎಂದೆ.

"ಇಲ್ರಿ ಸರ್. ಇದು ಹುರಿದ ಕಟಿಗಿ ಐತ್ರಿ. ಭಟ್ಟಿಯೊಳಗಿಟ್ಟು ತೇವ ಎಲ್ಲಾ ತಗದಿರತಾರ," ಎಂದ ಅಂಗಡಿಯವ.

ಹುರಿದ ಕಟ್ಟಿಗೆ! ತೊಗರಿ ಹುರಿದದ್ದು ಕೇಳಿದ್ದೆ.

"ತಲಿ ಇಲ್ಲ, ತಂತಿ ಎಲ್ಲಿ ಬಿಗೀಬೇಕು?" ಎಂದು ವಿದ್ಯಾವತಿ ಪುಸ್ತಕ ನೋಡಿ ಕೇಳಿದಳು.

"ಬುಡದಾಗ ಬಿರಡಿ ಅದಾವ್ರಿ ಮೇಡಂ. ತಲಿ ಇಲ್ಲಂತ ಹಗರ ಆಗತೈತಿ, ಕೊಳ್ಳ ನೋಯಂಗಿಲ್ಲ. ವಯಸ್ಸಾದವ್ರಿಗೆ ಭಾಳ ಅನುಕೂಲ," ಎನ್ನುತ್ತ ಅವನು ನನ್ನ ಕಡೆ ನೋಡಿದ. ಅವನ ಅಂಗಡಿಯಲ್ಲಿ ಏನೂ ಕೊಳ್ಳಬಾರದು ಎಂದು ನಾನು ಅಲ್ಲೇ ನಿರ್ಧರಿಸಿದೆ.

ದಾವಲಮಲಿಕನಿಗೆ ಕಣ್ಸನ್ನೆ ಮಾಡಿದೆ. ಅವನು ಮುಂದೆ ಬಂದು, ಗಂಟಲು ಸರಿಪಡಿಸಿಕೊಂಡು, ಗಿಟಾರನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಅಂಗಡಿಯವ ವೈರು ಚುಚ್ಚಿದ. ದಾವಲ್ಯಾ ಒಂದೇ ತಂತಿಯ ಮೇಲೆ ಬೆರಳು ಸರಿಸುತ್ತ ಸ್ವರ ಹುಡುಕಿದ. ಸಾ ಸಿಕ್ಕಿತು. ರಿ ಸಿಕ್ಕಿತು. ಗ ಸಿಕ್ಕಾಗ ಅವನ ಮುಖದ ಮೇಲೆ ನಾನು ಎಂದೂ ಕಾಣದ ಒಂದು ಬೆಳಕು ಬಂತು. ಹತ್ತು ಕೊರತೆ ಹೇಳಬೇಕಾದ ಬಾಯಿ ತೆರೆದದ್ದು ತೆರೆದೇ ಉಳಿಯಿತು.

"ಹೆಂಗೈತಿ ದಾವಲಣ್ಣ?" ಎಂದಳು ವಿದ್ಯಾವತಿ.

ಅವನ ಬೆರಳು ಆಗಲೇ 'ಮ' ಹುಡುಕುತ್ತಿತ್ತು. ನಾನು ಅವನ ಕಾಲು ತುಳಿದೆ. ಅವನಿಗೆ 'ಮ' ಸಿಕ್ಕಿತು.

"ಸರ್, ನೀವ ಬಾರಿಸ್ರಲ್ಲ," ಎಂದು ಅಂಗಡಿಯವ ಗಿಟಾರನ್ನು ನನ್ನ ಕೊರಳಿಗೇ ಹಾಕಿಬಿಟ್ಟ. "ಮೇಡಂ ಫೋನಿನ್ಯಾಗ ಹೇಳ್ಯಾರ್ರಿ, ನೀವು ದೊಡ್ಡ ಕಲಾವಿದರಂತ."

ಅಂಗಡಿಯಲ್ಲಿ ತಬಲಾ ನೋಡಲು ಬಂದಿದ್ದ ನಾಲ್ಕು ಜನ ತಿರುಗಿ ನಿಂತರು. ಕಣ್ಣು ಮುಚ್ಚಿ, ಹಳೆಯ ರೂಢಿಯಂತೆ ತಲೆ ಹಿಂದಕ್ಕೆ ಎಸೆದು (ಕೊಡವಲು ಕೂದಲಿಲ್ಲ) ಕೈ ಬೀಸಿದೆ.

ಜನ್ಮದಲ್ಲಿ ಮೊದಲ ಸಲ ನನ್ನ ಕೈಯಲ್ಲಿದ್ದ ಗಿಟಾರು ಸಪ್ಪಳ ಮಾಡಿತು. ಎಂಥ ಸಪ್ಪಳ! ಕಬ್ಬಿನ ಟ್ರ್ಯಾಕ್ಟರು ತಗಡು-ಪತ್ರಾಸಿನ ಅಂಗಡಿಯೊಳಗೆ ನುಗ್ಗಿದಂತಾಯಿತು. ಎಲ್ಲರಿಗಿಂತ ಹೆಚ್ಚು ಹೆದರಿದವನು ನಾನೇ. ಹಿಂದಕ್ಕೆ ಹಾರಿ ಹಾರ್ಮೋನಿಯಂ ಮೇಲೆ ಕೂತೆ. ಅದೂ ಒಂದು ರಾಗ ಎಳೆಯಿತು.

"ಭಾಳ ವರ್ಷಾತಲ್ಲ... ಕೈಬಟ್ಟು ಜಡ್ಡಾಗ್ಯಾವು," ಎಂದೆ.

"ಕೊಡಲೇ ಇಲ್ಲಿ!" ಎಂದು ದಾವಲಮಲಿಕ ಕೂಗಿದ. ಅವನ ಕಣ್ಣಲ್ಲಿ ನೀರಿತ್ತು. "ಆರು ವರ್ಷ ಗಿಟಾರಿನ ಸಪ್ಪಳ ಮಾಡಿದಾಂವ ನಾ. ಒಂದಿನ ಕೈಯಾಗ ಹಿಡೀಲಿಲ್ಲ. ಆರು ವರ್ಷ ಕೊಳ್ಳಾಗ ಹಾಕ್ಕೊಂಡಾಂವ ಇಂವ. ಒಂದಿನ ಸಪ್ಪಳ ಮಾಡಲಿಲ್ಲ. ವೈನಿ, ಇಂಥಾ ಮಾಲು ಬಿಡಬ್ಯಾಡ್ರಿ! ಈ ಎರಡ ಕಾಲಿನ ಕತ್ತಿ ಕೈಯಾಗ ಕೊಡಬ್ಯಾಡ್ರಿ ಅಷ್ಟ!"

ಅಂದವನೇ ಬಾಯಿ ಮುಚ್ಚಿಕೊಂಡ. ಆದರೆ ಬಾಯಿಂದ ಹೊರಗೆ ಹೋದದ್ದು ಹೋಗಿತ್ತು. ಭೂಮಿ ಬಾಯಿ ಬಿಡಲಿ ಎಂದು ನೆಲ ನೋಡಿದೆ. ಟೈಲ್ಸು ಹಾಕಿದ್ದರು, ಬಾಯಿ ಬಿಡುವ ಲಕ್ಷಣವಿರಲಿಲ್ಲ.

"ಗೊತ್ತೈತಿ ದಾವಲಣ್ಣ," ಎಂದಳು ವಿದ್ಯಾವತಿ ಮೆಲ್ಲಗೆ.

"ಗೊತ್ತೈತಿ?" ಎಂದೆ ನಾನು.

"ಬಾಗೇವಾಡಿಯೊಳಗ ನಮ್ಮ ಕಾಕಾನ ಮಗಳ ಲಗ್ನದಾಗ ನಿಮ್ಮ ಆರ್ಕೆಸ್ಟ್ರಾ ಇತ್ತು. ನಾ ಮುಂದಿನ ಸಾಲಿನ್ಯಾಗ ಕುಂತಿದ್ದೆ. ನಡುವ ದಾವಲಣ್ಣಗ ಕೆಮ್ಮು ಬಂತು, ನೀರು ಕುಡ್ಯಾಕ ನಿಂತ. ಗಿಟಾರಿನ ಸಪ್ಪಳ ನಿಂತು ಹೋತು. ನೀವು ಮಾತ್ರ ಕಣ್ಣು ಮುಚ್ಚಿ ಬಾರಿಸೇ ಬಾರಸಾಕತ್ತಿದ್ರಿ. ನಕ್ಕ ನಕ್ಕ ನನಗ ಹೊಟ್ಟಿ ನೋವ ಬಂದಿತ್ತು."

"ಗೊತ್ತಿದ್ದೂ ನನ್ನ ಲಗ್ನ ಆದೇನು?"

"ಸಪ್ಪಳ ಮಾಡಲಾರದ ಗಂಡ ಸಿಗೂದು ಕಠಿಣ ಐತಿ ಅಂತ ಆದೆ. ಸಪ್ಪಳೆಲ್ಲಾ ಬಾಯಾಗ ಐತಿ ಅಂಬೂದು ಆಮ್ಯಾಲ ತಿಳೀತು."

ತಬಲಾದವರು ನಕ್ಕರು. ವಿದ್ಯಾವತಿ ನಗಲಿಲ್ಲ. ನೋಟುಬುಕ್ಕು ಮುಚ್ಚಿ ಚೀಲಕ್ಕೆ ಹಾಕಿದಳು.

"ಇಪ್ಪತ್ತನಾಕು ವರ್ಷಾತ್ರಿ. ನಿಮ್ಮ ಅಕ್ಕನ ಮನ್ಯಾಗ ಹೇಳಿದ್ರಿ, ನನ್ನ ಸಾಲಿ ಮಾಸ್ತರ ಮುಂದ ಹೇಳಿದ್ರಿ, ಲಗ್ನಾದ ಮ್ಯಾಲ ಈಕಿ ನನ್ನ ಕಲಾ ಕೊಂದಳಂತ. ಎಲ್ಲಾರೂ ನನ್ನ ಮಾರಿ ನೋಡತಿದ್ರು. ನಾ ಒಂದಿನ ಬಾಯಿ ತಗೀಲಿಲ್ಲ. ಇರಲಿ, ಮಂದಿ ಮುಂದ ಗಂಡನ ಮಾನ ಹೋಗೂದು ಬ್ಯಾಡಂತ."

ಆಗ ನನಗಾದ ನಾಚಿಕೆಯನ್ನು ನಗಿಸುವಂತೆ ಬರೆಯಲು ನನಗೆ ಬರುವುದಿಲ್ಲ. ನನ್ನ ಗುಟ್ಟನ್ನು ನನಗಿಂತ ಜತನವಾಗಿ ಇಟ್ಟುಕೊಂಡವಳ ಕೈಯಿಂದಲೇ ನಾನು ದಿನಾ ಕೆನೆಮೊಸರು ಬಡಿಸಿಕೊಂಡಿದ್ದೆ.

"ತಪ್ಪಾತು ವಿದ್ಯಾ. ಇನ್ನ ಮ್ಯಾಲ ಅನ್ನಂಗಿಲ್ಲ. ನಡಿ, ಮನಿಗೆ ಹೋಗೂಣು."

"ಹೋಗೂಣು, ಗಿಟಾರ್ ತಗೊಂಡು. ಅತ್ತಿ ಕಟ್ಟಿ ಮ್ಯಾಲ ಕುಂತು ದಾರಿ ನೋಡಾಕತ್ತಿರತಾರ. ನನಗಂತೂ ಎಲ್ಲಾ ಗೊತ್ತಿತ್ತು, ನಡೀತು. ಅವರಿಗೆ ಏನಂತ ಹೇಳತೀರಿ? ಆರು ತಿಂಗಳದಾಗ ಕಲೀರಿ. ಇದು ದುಡ್ಡಿಗೆ ತಕ್ಕ ಮಾಲು ಹೌದೋ ಅಲ್ಲೋ ಅಂಬೂದು ಅಂಗಡ್ಯಾಗ ತಿಳಿಯಂಗಿಲ್ಲ. ಆರು ತಿಂಗಳಿಗೆ ನಿಮ್ಮ ಬಟ್ಟು ನೋಡಿ ನಾ ಹೇಳತೇನಿ."

ಹೀಗೆ ಗಿಟಾರು ಸಿಂದಗಿಗೆ ಬಂತು. ಅವ್ವನಿಗೆ, "ಹೊಸಾದು, ಒಂದೀಟು ಪಳಗಬೇಕು" ಎಂದು ಹೇಳಿ ದಾವಲಮಲಿಕನ ಅಂಗಡಿಯಲ್ಲಿಟ್ಟೆವು. ಅವನು ತನಗೆ ಬೇಕಾದಾಗ ಬಾರಿಸಿಕೊಳ್ಳಬಹುದು. ಬದಲಿಗೆ ನನಗೆ ಕಲಿಸಬೇಕು. ಅವನು ಫೋನು ನೋಡಿ ತಾನು ಕಲಿತು, ಮರುದಿನ ನನ್ನನ್ನು ಬೈಯುತ್ತಿದ್ದ. ಆ ಆರು ತಿಂಗಳು ನಾನು ಪಟ್ಟ ಚಿಂತೆಯನ್ನು ಮೆಟ್ರಿಕ್ ಪರೀಕ್ಷೆಯಲ್ಲೂ ಪಟ್ಟಿರಲಿಲ್ಲ. ಬೆರಳ ತುದಿಗಳು ಮೊದಲು ಬಾತವು, ಆಮೇಲೆ ಸಿಪ್ಪೆ ಸುಲಿದವು, ಆಮೇಲೆ ಕಲ್ಲಾದವು. ಒಂದು ದಿನ ಲಚ್ಯಾಣದ ಕಡೆಯ ರೈತನೊಬ್ಬ ತನ್ನ ಮೋಟರು ಒಯ್ಯಲು ಬಂದು, ನಾನು ಬಾರಿಸುವುದನ್ನು ಬಾಗಿಲಲ್ಲೇ ನಿಂತು ಕೇಳಿ, "ದಾವಲಣ್ಣ, ಆ ಸಪ್ಪಳ ಮಾಡೂದು ನಂದಲ್ಲ ಹೌದಿಲ್ಲೋ? ಅದರ ಬೇರಿಂಗ್ ಪೂರಾ ಹೋಗೇತಿ ನೋಡು" ಎಂದ. ಆದರೂ ಬಿಡಲಿಲ್ಲ. ತೊಗರಿಯ ಹಂಗಾಮು ಬಂತು, ಹೋಯಿತು. ಚೀಲಗಳ ನಡುವೆ ನಿಂತಾಗಲೂ ನನ್ನ ಎಡಗೈ ಬೆರಳುಗಳು ಗಾಳಿಯಲ್ಲಿ ಸ್ವರ ಹುಡುಕುತ್ತಿದ್ದವು. ಬಜಾರಿನವರು ನನಗೆ ನರದ ರೋಗವೆಂದು ಕನಿಕರಪಟ್ಟು ಮೊದಲ ಬಾರಿಗೆ ಸರಿಯಾದ ಸಮಯಕ್ಕೆ ಲೆಕ್ಕ ಚುಕ್ತಾ ಮಾಡಿದರು.

ಬಸವ ಜಯಂತಿಯ ಸಂಜೆ ಗಿಟಾರನ್ನು ಮನೆಗೆ ತಂದೆವು. ಅವ್ವ ಹೊಸ ಇಳಕಲ್ ಸೀರೆ ಉಟ್ಟು, ಗೋಡೆಯ ಮೇಲಿನ ಅಪ್ಪನ ಫೋಟೊದ ಕೆಳಗೆ ಚಾಪೆ ಹಾಸಿಕೊಂಡು ಕೂತಳು. ವಿದ್ಯಾವತಿ ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಮುಟ್ಟಿದ ಕೈಯನ್ನು ಬೇಗ ಬಿಡಲಿಲ್ಲ. ನನಗೆ ಅಷ್ಟು ಅಂಕ ಸಾಕಿತ್ತು. ದಾವಲಮಲಿಕ ವೈರು ಚುಚ್ಚಿದ.

"ನಿಮ್ಮಪ್ಪ ನನ್ನ ಒಂದಸಲನೂ ಕಳಸಲಿಲ್ಲೋ ಪರೂ," ಎಂದು ಅವ್ವ ಫೋಟೊದ ಕಡೆ ಬೆರಳು ತೋರಿಸಿದಳು. "ಇಂಡಿಯೊಳಗ ನಿನ್ನ ಆರ್ಕೆಸ್ಟ್ರಾ ಇತ್ತು, ಹೋಗತೇನಿ ಅಂದೆ. ಹೆಣಮಕ್ಕಳು ಬ್ಯಾಡ ಅಂದ್ರು. ಮೂರ ದಿನ ಉಂಡಿದ್ದಿಲ್ಲ ನಾ. ಅವರು ಹೋಗಿ ಹನ್ನೆರಡ ವರ್ಷಾತು, ಇವತ್ತಿಗೂ ಮಾಲಿ ಹಾಕೂವಾಗ ಒಂದ ಮಾತ ಬೈದ ಹಾಕತೇನಿ."

ಅವ್ವನಿಗೆ ಗೊತ್ತಿದ್ದ ಒಂದು ಭಜನೆಯ ಧಾಟಿಯನ್ನು ಹಿಡಿದೆ. ಮೊದಲ ಸಾಲು ಸ್ವಲ್ಪ ಕುಂಟಿತು. ಎರಡನೆಯದು ನಡೆಯಿತು. ಮೂರನೆಯದಕ್ಕೆ ನಾನೇ ಕಣ್ಣು ಮುಚ್ಚಿದೆ, ಈ ಸಲ ನಟನೆಗಲ್ಲ. ಎಲ್ಲೂ ನಿಲ್ಲದೆ ಕೊನೆಯವರೆಗೆ ಬಾರಿಸಿ ಮುಗಿಸಿದಾಗ ಬೆನ್ನೆಲ್ಲ ಬೆವೆತಿತ್ತು. ದಾವಲ್ಯಾ ಮೂಗು ಒರೆಸಿಕೊಳ್ಳುತ್ತಿದ್ದ.

ಅವ್ವ ಗೋಡೆ ಹಿಡಿದು ಎದ್ದಳು. ನನ್ನ ತಲೆಯ ಮೇಲೆ ಕೈಯಿಡಲು ಬರುತ್ತಾಳೆಂದು ಬಾಗಿದೆ. ಅವಳು ನನ್ನನ್ನು ದಾಟಿಕೊಂಡು ಹೋಗಿ, ಅಪ್ಪನ ಫೋಟೊದ ಮುಂದೆ ನಿಂತು, ಎರಡೂ ಕೈ ಜೋಡಿಸಿದಳು.

"ತಪ್ಪಾತ್ರಿ," ಎಂದಳು. "ಸುಮ್ಮನ ಮೂವತ್ತ ವರ್ಷ ನಿಮಗ ಬೈದೆ. ನೀವು ನನ್ನ ಒಳ್ಳೇದಕ್ಕ ಮನ್ಯಾಗ ಇಟ್ಟಿದ್ರಿ."